ಗಟಾರದ ನೀರು ಹೇಳಿದ ಸುದ್ದಿ

ಕೆಲವು ವರ್ಷಗಳ ಹಿಂದಿನವರೆಗೆ ನಮ್ಮ ಮನೆಗಳ ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂದು ಗುರುತು ಇರುತ್ತಿದ್ದುದು ಓದುಗರಿಗೆ ನೆನಪಿರಬಹುದು. ಭಾನುವಾರ ಬೂತಿಗೆ ಬಾರದ ಮಕ್ಕಳನ್ನು ಹುಡುಕಿಕೊಂಡು, ಮರುದಿನ ಬೆಳಿಗ್ಗೆ ಇಬ್ಬರು ಹೆಣ್ಣುಮಕ್ಕಳು ಮಂಜುಗಡ್ಡೆಯ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಮಹಡಿ ಮಹಡಿ ಹತ್ತಿ ಬರುತ್ತಿದ್ದರು. ಮಗುವಿನ ಎಡಗೈಯ ಕಿರುಬೆರಳಿಗೆ ಮಸಿ ಹತ್ತಿದೆಯೇ ಎಂದು ನೋಡುತ್ತಿದ್ದರು. ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ಗೋಡೆಯ ಮೇಲೆ ‘ಪಿ’ ಎಂದು ಬರೆಯುವರು. ಯಾರಾದರೂ ಉಳಿದಿದ್ದರೆ ‘ಎಕ್ಸ್’ ಎಂದು ಬರೆದು, ಮತ್ತೊಮ್ಮೆ ಬರುವರು.

ನಿಜ ಹೇಳಬೇಕೆಂದರೆ ನಮ್ಮಲ್ಲಿ ಅನೇಕರಿಗೆ ಇದರಿಂದ ಬೇಸರವೂ ಆಗುತ್ತಿತ್ತು. ಹೋದ ತಿಂಗಳು ತಾನೆ ಹಾಕಿಸಿದ್ದೆವು, ಡಾಕ್ಟರರ ಬಳಿಯೂ ಎಲ್ಲ ಲಸಿಕೆ ಆಗಿದೆ, ನಮ್ಮ ಓಣಿಯಲ್ಲಿ ಪೋಲಿಯೋ ಕಂಡವರೇ ಇಲ್ಲ, ಮತ್ತೇಕೆ ಈ ಕಾಟ ಎಂದು ಗೊಣಗಿದವರಲ್ಲಿ ನಾವೂ ಇದ್ದೇವೆ. ಆ ಹೆಣ್ಣುಮಕ್ಕಳು ಮತ್ತೆ ಮತ್ತೆ ಏಕೆ ಬಂದರು ಎಂಬ ಪ್ರಶ್ನೆಗೆ ಉತ್ತರ ನಮ್ಮ ಓಣಿಯ ಕೆಳಗೇ ಹರಿಯುತ್ತಿತ್ತು. ಗಟಾರದ ನೀರಿನಲ್ಲಿ ಆ ಉತ್ತರವನ್ನು ಹುಡುಕಿದವರ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಈ ಕಥೆ ನಡೆದದ್ದು ಮುಖ್ಯವಾಗಿ ದಿಲ್ಲಿ, ಮುಂಬಯಿಗಳಲ್ಲಿ. ನಾವು ಊರು ಬಿಟ್ಟು ಬಂದು ನೆಲೆಸಿದ ಮಹಾನಗರಗಳಲ್ಲಿ.

ಮೊದಲು ಒಂದು ಮಾತು. ರೋಗ ತರುವ ವೈರಸ್ಸುಗಳಲ್ಲಿ ಒಂದು ದೊಡ್ಡ ಗುಂಪು ನಮ್ಮ ಕರುಳಿನ ದಾರಿಯನ್ನು ಹಿಡಿದಿದೆ. ಅವು ಬಾಯಿಯಿಂದ ಒಳಹೊಕ್ಕು ಮಲದೊಡನೆ ಹೊರಬೀಳುತ್ತವೆ. ಪೋಲಿಯೋ, ನೀರಿನಿಂದ ಬರುವ ಎರಡು ಬಗೆಯ ಕಾಮಾಲೆ, ಎಳೆಯ ಮಕ್ಕಳ ಭೇದಿಗೆ ಕಾರಣವಾದ ರೋಟಾ ವೈರಸ್ಸು, ಇವೆಲ್ಲ ಈ ದಾರಿಯವೇ. ಇವು ಸೋಂಕಿದವರಲ್ಲಿ ಬಹಳ ಮಂದಿಗೆ ಏನೂ ಆಗುವುದಿಲ್ಲ, ಆದರೂ ಅವರ ಮಲದಲ್ಲಿ ವೈರಸ್ಸು ವಾರಗಟ್ಟಲೆ ಹೋಗುತ್ತಿರುತ್ತದೆ. ಹೀಗಾಗಿ ರೋಗಿಗಳನ್ನು ಮಾತ್ರ ಎಣಿಸುವವನಿಗೆ ಈ ವೈರಸ್ಸಿನ ಪೂರ್ತಿ ಲೆಕ್ಕ ಎಂದಿಗೂ ಸಿಗಲಾರದು.

ದಿಲ್ಲಿಯ ಕಾಮಾಲೆ

1955ರ ಮಳೆಗಾಲದಲ್ಲಿ ಯಮುನೆಗೆ ದೊಡ್ಡ ನೆರೆ ಬಂತು. ನೆರೆ ಇಳಿದ ಮೇಲೆ ನದಿ ತನ್ನ ಹಳೆಯ ಪಾತ್ರವನ್ನು ಬಿಟ್ಟು ಸ್ವಲ್ಪ ದೂರ ಸರಿದು ಹರಿಯತೊಡಗಿತು. ದಿಲ್ಲಿಗೆ ಕುಡಿಯುವ ನೀರನ್ನು ಎತ್ತುತ್ತಿದ್ದ ಪಂಪುಗಳು ವಜೀರಾಬಾದಿನ ದಡದಲ್ಲಿದ್ದವು. ಅಲ್ಲಿಂದ ಸ್ವಲ್ಪವೇ ಕೆಳಗೆ ನಜಫ್‌ಗಢ ನಾಲೆ ಊರಿನ ಕೊಳಕನ್ನೆಲ್ಲ ಹೊತ್ತು ತಂದು ನದಿಗೆ ಸೇರುತ್ತಿತ್ತು. ನದಿ ತುಂಬಿ ಹರಿಯುವಾಗ ಈ ಕೊಳೆ ಕೆಳಕ್ಕೆ ಹೋಗುತ್ತಿದ್ದುದರಿಂದ ಯಾರಿಗೂ ಚಿಂತೆಯಿರಲಿಲ್ಲ. ಆ ವರ್ಷ ನದಿಯ ಹರಿವು ದಡದಿಂದ ದೂರವಾದದ್ದರಿಂದ ನಾಲೆಯ ನೀರು ಹಿಮ್ಮುಖವಾಗಿ ಹರಿದು ಪಂಪಿನ ಬಾಯಿಯವರೆಗೆ ಬಂತು. ನವೆಂಬರಿನಲ್ಲಿ ಸುಮಾರು ಒಂದು ವಾರ ದಿಲ್ಲಿಯ ನಲ್ಲಿಗಳಿಗೆ ಹೋಗುವ ನೀರಿನಲ್ಲಿ ದಿಲ್ಲಿಯ ಚರಂಡಿಯ ನೀರು ಬೆರೆಯಿತು.

ನೀರಿನ ಕಾರ್ಖಾನೆಯವರು ಸುಮ್ಮನೆ ಕೂತಿರಲಿಲ್ಲ. ನೀರು ಕೆಟ್ಟಿರುವುದು ಅವರ ಗಮನಕ್ಕೆ ಬಂದಿತ್ತು. ಪಟಿಕವನ್ನೂ ಕ್ಲೋರಿನ್ನನ್ನೂ ಹೆಚ್ಚಿಸಿದರು. ಅದರ ಫಲವೂ ಕಂಡಿತು. ಅಷ್ಟು ಕೊಳಕು ಬೆರೆತ ನೀರನ್ನು ಊರಿಗೆ ಊರೇ ಕುಡಿದರೂ ವಿಷಮಶೀತ ಜ್ವರವಾಗಲಿ ಆಮಶಂಕೆಯಾಗಲಿ ಹೇಳಿಕೊಳ್ಳುವಂತೆ ಏರಲಿಲ್ಲ. ಗಂಡಾಂತರ ತಪ್ಪಿತೆಂದೇ ತೋರಿತು. ಆದರೆ ಡಿಸೆಂಬರ್ ಬರುತ್ತಲೇ ಆಸ್ಪತ್ರೆಗಳ ಮುಂದೆ ಕಣ್ಣು ಹಳದಿಯಾದವರ ಸಾಲು ಬೆಳೆಯಿತು. 1956ರ ಜನವರಿ ಮುಗಿಯುವುದರೊಳಗೆ 29 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಮಾಲೆ ತಗುಲಿತ್ತೆಂದು ಅಂದಾಜು ಮಾಡಿದರು. ಬಸುರಿಯರಲ್ಲಿ ಸಾವು ಉಳಿದವರಿಗಿಂತ ಬಹಳ ಹೆಚ್ಚಾಗಿತ್ತು.

ಡಾ. ಆರ್. ವಿಶ್ವನಾಥನ್ ಅವರು ಈ ಪಿಡುಗನ್ನು ಮೂಲದಿಂದ ಪರಿಶೀಲಿಸಿ 1957ರಲ್ಲಿ ಪ್ರಕಟಿಸಿದ ವರದಿ ಇಂದಿಗೂ ವೈದ್ಯಶಾಸ್ತ್ರದಲ್ಲಿ ಮುಖ್ಯ ದಾಖಲೆಯಾಗಿದೆ. ನೀರು ಕೆಟ್ಟ ದಿನಕ್ಕೂ ಕಣ್ಣು ಹಳದಿಯಾದ ದಿನಕ್ಕೂ ನಡುವೆ ಸುಮಾರು ನಾಲ್ವತ್ತು ದಿನಗಳ ಅಂತರವಿತ್ತು. ಬ್ಯಾಕ್ಟೀರಿಯಾಗಳನ್ನು ಕೊಂದ ಕ್ಲೋರಿನ್ನಿಗೆ, ಆ ಕೊಳಕು ನೀರಿನಲ್ಲಿ, ವೈರಸ್ಸನ್ನು ಕೊಲ್ಲುವುದಾಗಲಿಲ್ಲ.

ಆ ವೈರಸ್ಸು ಯಾವುದೆಂದು ತಿಳಿಯಲು ಕಾಲು ಶತಮಾನ ಹಿಡಿಯಿತು. ದಿಲ್ಲಿಯ ರೋಗಿಗಳಿಂದ ತೆಗೆದು ಕಾಪಾಡಿಟ್ಟಿದ್ದ ರಕ್ತದ್ರವ್ಯವನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಅಮೆರಿಕದವರೊಡನೆ ಕೂಡಿ ಪರೀಕ್ಷಿಸಿ, ಅದು ಆಗ ಗೊತ್ತಿದ್ದ ‘ಎ’ ಬಗೆಯೂ ಅಲ್ಲ, ‘ಬಿ’ ಬಗೆಯೂ ಅಲ್ಲ ಎಂದು 1980ರಲ್ಲಿ ಪ್ರಕಟಿಸಿದರು. ಅದೇ ವರ್ಷ ಕಾಶ್ಮೀರದ ಡಾ. ಮೊಹಮ್ಮದ್ ಸುಲ್ತಾನ್ ಖುರೂ ಅವರು ತಮ್ಮ ಕಣಿವೆಯಲ್ಲಿ 1978ರಲ್ಲಿ ಕಂಡ ಕಾಮಾಲೆಯ ಪಿಡುಗಿನಿಂದ ಇದೇ ನಿರ್ಣಯಕ್ಕೆ ಬಂದರು. ಸೋವಿಯತ್ ವಿಜ್ಞಾನಿ ಬಾಲಯಾನ್ ಅವರಂತೂ ರೋಗಿಗಳ ಮಲದಿಂದ ತೆಗೆದ ಸಾರವನ್ನು ತಾವೇ ನುಂಗಿ, ಕಾಮಾಲೆ ಬರಿಸಿಕೊಂಡು, ತಮ್ಮ ಮಲದಲ್ಲಿ ಆ ವೈರಸ್ಸನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು 1983ರಲ್ಲಿ ಪ್ರಕಟಿಸಿದರು. ಇಂದು ಅದಕ್ಕೆ ಹೆಪಟೈಟಿಸ್ ‘ಇ’ ಎಂದು ಹೆಸರು.

ದಿಲ್ಲಿಯ ಘಟನೆಯಿಂದ ಕಲಿಯಬೇಕಾದದ್ದು ಸ್ಪಷ್ಟವಿತ್ತು. ರೋಗಿ ಕಾಣಿಸಿಕೊಂಡ ಮೇಲೆ ಎಚ್ಚರಗೊಂಡರೆ ತಡವಾಗಿರುತ್ತದೆ. ಕುಡಿಯುವ ನೀರೂ ಚರಂಡಿಯ ನೀರೂ ಎಲ್ಲಿ ಸಮೀಪಿಸುತ್ತವೆ, ಚರಂಡಿಯಲ್ಲಿ ಏನು ಹರಿಯುತ್ತಿದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಈ ಕೆಲಸ ನಮ್ಮ ದೇಶದಲ್ಲಿ ಕ್ರಮವಾಗಿ ಆರಂಭವಾದದ್ದು ಮಾತ್ರ ಇನ್ನೂ ನಾಲ್ವತ್ತೈದು ವರ್ಷಗಳ ಮೇಲೆ, ಬೇರೊಂದು ರೋಗಕ್ಕಾಗಿ.

ಕಾಲು ಕಸಿಯುವ ರೋಗ

ಪೋಲಿಯೋ ವೈರಸ್ಸು ಸೋಂಕಿದ ಸುಮಾರು ಇನ್ನೂರು ಮಕ್ಕಳಲ್ಲಿ ಒಂದು ಮಗುವಿಗೆ ಮಾತ್ರ ಶಾಶ್ವತವಾಗಿ ಕೈಕಾಲು ಸೋಲುತ್ತದೆ. ಉಳಿದವರಿಗೆ ಎರಡು ದಿನದ ಜ್ವರ, ಗಂಟಲುನೋವು, ಇಲ್ಲವೆ ಏನೂ ಇಲ್ಲ. ಆದರೆ ಆ ಇನ್ನೂರು ಮಕ್ಕಳೂ ವೈರಸ್ಸನ್ನು ಹೊರಹಾಕುತ್ತಾರೆ. ಒಂದು ಮಗು ಕುಂಟಾಯಿತೆಂದು ನಮಗೆ ತಿಳಿಯುವ ಹೊತ್ತಿಗೆ ನೂರಾರು ಮಕ್ಕಳ ಕರುಳಿನಲ್ಲಿ ವೈರಸ್ಸು ಓಡಾಡಿ ಆಗಿರುತ್ತದೆ.

ಈ ವೈರಸ್ಸು ಚರಂಡಿಯಲ್ಲಿ ಸಿಗುತ್ತದೆಂಬುದು ಹಳೆಯ ಸಂಗತಿ. 1939ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ನಗರದಲ್ಲಿ ಪೋಲಿಯೋ ಹಬ್ಬಿದಾಗ ಯೇಲ್ ವಿಶ್ವವಿದ್ಯಾಲಯದ ಜಾನ್ ಪಾಲ್ ಮತ್ತು ಜೇಮ್ಸ್ ಟ್ರಾಸ್ಕ್ ಎಂಬವರು ಆ ಊರಿನ ಚರಂಡಿಯ ನೀರನ್ನು ಮಂಗಗಳಿಗೆ ಚುಚ್ಚಿ ಅದರಲ್ಲಿ ವೈರಸ್ಸು ಇರುವುದನ್ನು ತೋರಿಸಿದರು. ಆದರೆ ಮಂಗಗಳನ್ನು ಬಳಸಿ ಒಂದು ನಗರವನ್ನು ವಾರವಾರವೂ ಕಾಯುವುದು ಆಗದ ಮಾತು. 1949ರಲ್ಲಿ ಎಂಡರ್ಸ್, ವೆಲ್ಲರ್ ಮತ್ತು ರಾಬಿನ್ಸ್ ಅವರು ಪೋಲಿಯೋ ವೈರಸ್ಸನ್ನು ಗಾಜಿನ ಪಾತ್ರೆಯಲ್ಲಿ, ಜೀವಕೋಶಗಳ ಮೇಲೆ ಬೆಳೆಸುವ ದಾರಿ ತೋರಿದರು. 1954ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. 1955ರ ಸಾಲ್ಕ್ ಚುಚ್ಚುಮದ್ದೂ ಅನಂತರದ ಸೇಬಿನ್ ಬಾಯಿಹನಿಯೂ ಈ ದಾರಿಯಿಂದಲೇ ಬಂದವು.

ನಮ್ಮ ದೇಶದಲ್ಲಿಯೂ 1949ರಲ್ಲಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮುಂಬಯಿಯಲ್ಲಿ ಒಂದು ಪೋಲಿಯೋ ಸಂಶೋಧನಾ ಘಟಕವನ್ನು ತೆರೆಯಿತು. ಮುಂದೆ ಅದೇ ಪರೇಲಿನ ಹಾಫ್‌ಕಿನ್ ಆವರಣದಲ್ಲಿರುವ ಎಂಟೆರೋವೈರಸ್ ಸಂಶೋಧನಾ ಕೇಂದ್ರವಾಯಿತು. ‘ಎಂಟೆರೋ’ ಎಂದರೆ ಕರುಳಿಗೆ ಸಂಬಂಧಿಸಿದ್ದು ಎಂದರ್ಥ. ದಾದರಿನಿಂದ ಪರೇಲಿಗೆ ಬಸ್ಸಿನಲ್ಲಿ ಓಡಾಡುವ ನಮ್ಮವರು ಅದರ ಮುಂದೆ ಎಷ್ಟು ಸಲ ಹಾದುಹೋಗಿದ್ದಾರೋ!

ಹನಿಯನ್ನು ಮತ್ತೆ ಮತ್ತೆ ಏಕೆ ಹಾಕಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ವೆಲ್ಲೂರಿನಿಂದ ಬಂತು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಟಿ. ಜೇಕಬ್ ಜಾನ್ ಅವರು, ಪಶ್ಚಿಮದೇಶಗಳಲ್ಲಿ ಮೂರು ಸಲ ಹನಿ ಹಾಕಿದರೆ ಸಿಗುವ ರಕ್ಷಣೆ ನಮ್ಮ ಮಕ್ಕಳಿಗೆ ಸಿಗುವುದಿಲ್ಲ ಎಂಬುದನ್ನು 1970ರ ದಶಕದಲ್ಲಿಯೇ ತೋರಿಸಿಕೊಟ್ಟರು. ಇನ್ನರ್ಧ ಉತ್ತರವನ್ನು ಮುಂಬಯಿಯ ಗಟಾರ ಕೊಟ್ಟಿತು.

ಮೂರು ಬಸ್ತಿಗಳ ಗಟಾರ

ಪೋಲಿಯೋವನ್ನು ಭೂಮಿಯಿಂದಲೇ ಅಳಿಸಬೇಕೆಂದು ವಿಶ್ವ ಆರೋಗ್ಯ ಸಭೆ 1988ರಲ್ಲಿ ನಿರ್ಧರಿಸಿದಾಗ ಆ ರೋಗ 125 ದೇಶಗಳಲ್ಲಿತ್ತು. ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಕ್ಕಳು ಅದರಿಂದ ಕೈಕಾಲು ಕಳೆದುಕೊಳ್ಳುತ್ತಿದ್ದರು. ಭಾರತದಲ್ಲಿ 1995ರ ಡಿಸೆಂಬರಿನಲ್ಲಿ ದೇಶವ್ಯಾಪಿಯಾಗಿ ಪಲ್ಸ್ ಪೋಲಿಯೋ ಆರಂಭವಾಯಿತು. 1997ರಿಂದ ಜನರ ಮೇಲಿನ ಕಾವಲೂ ಬಿಗಿಯಾಯಿತು. ಹದಿನೈದು ವರ್ಷದೊಳಗಿನ ಯಾವ ಮಗುವಿಗಾದರೂ ಇದ್ದಕ್ಕಿದ್ದಂತೆ ಕೈಕಾಲು ಸೋತು ಜೋಲುಬಿದ್ದರೆ ಡಾಕ್ಟರರು ತಿಳಿಸಬೇಕು. ಆ ಮಗುವಿನ ಮಲವನ್ನು ಎರಡು ಸಲ, ಒಂದು ದಿನದ ಅಂತರದಲ್ಲಿ ತೆಗೆದು, ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಶಾಲೆಗೆ ಕಳಿಸಬೇಕು. ಮುಂಬಯಿ, ಚೆನ್ನೈ, ಬೆಂಗಳೂರುಗಳಲ್ಲಿ ಇಂಥ ಪ್ರಯೋಗಶಾಲೆಗಳು ದುಡಿದವು.

ಮುಂಬಯಿಯಲ್ಲಿ ಈ ಕೆಲಸವೆಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಹನಿ ಹಾಕಿಸಿಕೊಂಡ ಮಕ್ಕಳ ಪ್ರಮಾಣ ತೃಪ್ತಿಕರವಾಗಿತ್ತು. ಆದರೂ 1999 ಮತ್ತು 2000ದಲ್ಲಿ ನಗರದಲ್ಲಿ ಮೂರು ಮಕ್ಕಳಿಗೆ ಪೋಲಿಯೋ ತಗುಲಿತು. ಈ ವೈರಸ್ಸು ಎಲ್ಲಿ ಅಡಗಿತ್ತು? ಡಾ. ಜಗದೀಶ್ ದೇಶಪಾಂಡೆಯವರೂ ಅವರ ಜೊತೆಗಾರರೂ ಪರೇಲಿನ ಕೇಂದ್ರದಿಂದ ಹೊರಟು, ಅಪಾಯ ಹೆಚ್ಚೆಂದು ತೋರಿದ ಮೂರು ಝೋಪಡಪಟ್ಟಿಗಳ ಗಟಾರಗಳನ್ನು ಆರಿಸಿಕೊಂಡರು. ವಾರಕ್ಕೊಮ್ಮೆ ಅಲ್ಲಿಂದ ನೀರು ತಂದು ಪರೀಕ್ಷಿಸುವ ಕೆಲಸ ಶುರುವಾಯಿತು.

ಈ ಪರೀಕ್ಷೆ ನಡೆಯುವ ರೀತಿಯನ್ನು ಸ್ಥೂಲವಾಗಿ ಹೇಳಬಹುದು. ಬೆಳಗಿನ ಹೊತ್ತು, ಮನೆಮನೆಗಳ ಶೌಚದ ನೀರು ಹೆಚ್ಚಾಗಿ ಹರಿಯುವ ವೇಳೆಯಲ್ಲಿ, ಗಟಾರದ ನೀರನ್ನು ಸೇದಿ ಬಾಟಲಿಯಲ್ಲಿ ತುಂಬುತ್ತಾರೆ. ಪ್ರಯೋಗಶಾಲೆಯಲ್ಲಿ ಅದರಲ್ಲಿರುವ ವೈರಸ್ಸನ್ನೆಲ್ಲ ಸ್ವಲ್ಪ ದ್ರವಕ್ಕೆ ಇಳಿಸಿ, ಜೀವಕೋಶಗಳ ಮೇಲೆ ಹಾಕಿ, ಕೋಶಗಳು ಸಾಯುತ್ತವೆಯೇ ಎಂದು ದಿನದಿನವೂ ನೋಡುತ್ತಾರೆ. ಗಟಾರದಲ್ಲಿ ನೂರೆಂಟು ವೈರಸ್ಸು ಇರುವುದರಿಂದ, ಮುಖ್ಯವಾಗಿ ಪೋಲಿಯೋ ಮಾತ್ರ ಬೆಳೆಯುವಂತೆ ಮಾರ್ಪಡಿಸಿದ ಇಲಿಯ ಕೋಶಗಳನ್ನೂ ಬಳಸುತ್ತಾರೆ. ಸಿಕ್ಕಿದ ಪೋಲಿಯೋ ವೈರಸ್ಸು ಹನಿಯಲ್ಲಿ ಕೊಟ್ಟ ಸಾಧು ವೈರಸ್ಸೋ ಅಥವಾ ಕಾಡು ವೈರಸ್ಸೋ ಎಂಬುದನ್ನು ಬೇರ್ಪಡಿಸುವುದು ಮುಂದಿನ ಹಂತ. ಕೊನೆಗೆ ಅದರ ಆನುವಂಶಿಕ ಬರಹವನ್ನು ಓದುತ್ತಾರೆ. ಈ ವೈರಸ್ಸಿನ ಬರಹ ವರ್ಷಕ್ಕೆ ನೂರಕ್ಕೆ ಒಂದರಷ್ಟು ಬದಲಾಗುತ್ತ ಹೋಗುತ್ತದೆ. ಆದ್ದರಿಂದ ಎರಡು ವೈರಸ್ಸುಗಳ ಬರಹವನ್ನು ಪಕ್ಕಪಕ್ಕದಲ್ಲಿಟ್ಟರೆ ಅವು ಎಷ್ಟು ಹತ್ತಿರದ ದಾಯಾದಿಗಳು, ಎಷ್ಟು ವರ್ಷದ ಹಿಂದೆ ಅಗಲಿದವು ಎಂದು ತಿಳಿಯುತ್ತದೆ.

2001ನೆಯ ವರ್ಷದಲ್ಲಿ ಹೀಗೆ 137 ಮಾದರಿಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 35ರಲ್ಲಿ ಮೊದಲನೆಯ ಬಗೆಯ ಕಾಡು ಪೋಲಿಯೋ ವೈರಸ್ಸೂ ಒಂದರಲ್ಲಿ ಮೂರನೆಯ ಬಗೆಯದೂ ಸಿಕ್ಕಿತು. ಆ ವರ್ಷವೆಲ್ಲ ಸೇರಿ ಇಡೀ ಮುಂಬಯಿಯಲ್ಲಿ ಪೋಲಿಯೋದಿಂದ ಕಾಲು ಸೋತ ಮಗು ಒಂದೇ ಒಂದು. ಆ ಮಗು ಬೀಳುವುದಕ್ಕೆ ಮೂರು ತಿಂಗಳ ಮೊದಲೇ ವೈರಸ್ಸು ಗಟಾರದಲ್ಲಿ ಕಾಣಿಸಿಕೊಂಡಿತ್ತು. ದಿಲ್ಲಿಯಲ್ಲಿ ನಾಲ್ವತ್ತು ದಿನ ತಡವಾಗಿ ಬಂದ ಸುದ್ದಿ ಇಲ್ಲಿ ತೊಂಬತ್ತು ದಿನ ಮೊದಲೇ ಬಂದಿತ್ತೆಂದು ಹೇಳಬಹುದು.

ಬಂದವರು ಯಾರು?

ಗಟಾರ ಹೇಳಿದ ಇನ್ನೊಂದು ಸುದ್ದಿಯೂ ಇದೆ. ನಮ್ಮಂಥವರು ಅದನ್ನು ಕಿವಿಗೊಟ್ಟು ಕೇಳಬೇಕು. ಆ 2001ರ ವೈರಸ್ಸುಗಳ ಬರಹವನ್ನು ಓದಿದಾಗ ಅವು ಮುಂಬಯಿಯ ಹಿಂದಿನ ರೋಗಿಗಳಲ್ಲಿ ಸಿಕ್ಕ ವೈರಸ್ಸಿನ ಮಕ್ಕಳಲ್ಲ ಎಂದು ತಿಳಿಯಿತು. ಉತ್ತರ ಪ್ರದೇಶದ ರೋಗಿಗಳಲ್ಲಿ ಆಗಷ್ಟೇ ಸಿಕ್ಕಿದ್ದ ನಾಲ್ಕು ಕವಲುಗಳಿಗೆ ಅವು ಸೇರಿದ್ದವು. ಮುಂಬಯಿಯಲ್ಲಿ ಪೋಲಿಯೋ ಬೇರೂರಿರಲಿಲ್ಲ. ಅದು ವರ್ಷದಲ್ಲಿ ಹಲವು ಸಲ ಹೊರಗಿನಿಂದ ಬಂದು, ಕೆಲವು ಕಾಲ ಸುತ್ತಾಡಿ, ತಾನೇ ಅಳಿದುಹೋಗುತ್ತಿತ್ತು. ಅಂದರೆ ಕೂಲಿ ಹುಡುಕಿಕೊಂಡು ರೈಲು ಹತ್ತಿ ಬಂದ ಕುಟುಂಬಗಳ ಎಳೆಯ ಮಕ್ಕಳ ಕರುಳಿನಲ್ಲಿ, ಯಾರಿಗೂ ತಿಳಿಯದಂತೆ, ವೈರಸ್ಸು ಪ್ರಯಾಣ ಮಾಡುತ್ತಿತ್ತು.

ಇಂಥ ಮಾತನ್ನು ಕೇಳಿದಾಗ ನಗರದವರ ಬಾಯಲ್ಲಿ ಮೊದಲು ಬರುವ ಮಾತು ಯಾವುದೆಂದು ನಮಗೆ ಗೊತ್ತಿಲ್ಲವೆ? ‘ಹೊರಗಿನವರು ರೋಗ ತಂದರು.’ ಈ ಮಾತನ್ನು ನಮ್ಮ ಹಿರಿಯರೂ ಕೇಳಿಸಿಕೊಂಡವರೇ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಜನ ಲಕ್ಷಗಟ್ಟಲೆ ಊರು ಬಿಟ್ಟು ಓಡಿದರು. ಓಡಿದವರೊಡನೆ ರೋಗವೂ ರೈಲು ಹಿಡಿಯಿತು. ಹುಬ್ಬಳ್ಳಿ ಧಾರವಾಡಗಳನ್ನು ಮುಟ್ಟಿ, 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ, ಮೈ ಮುಟ್ಟಿ ನೋಡಿ, ಸಂಶಯ ಬಂದವರನ್ನು ತಡೆದಿಡುತ್ತಿದ್ದರು. ಹೆಂಗಸರನ್ನೂ ಬಿಡಲಿಲ್ಲ. ಅದರಿಂದ ಹುಟ್ಟಿದ ಸಿಟ್ಟಿಗೆ ಪುಣೆಯಲ್ಲಿ ಪ್ಲೇಗಿನ ಅಧಿಕಾರಿ ರ‍್ಯಾಂಡ್ 1897ರಲ್ಲಿ ಬಲಿಯಾದದ್ದು ಇತಿಹಾಸ. ಪ್ಲೇಗು ಮಾತ್ರ ನಿಲ್ಲಲಿಲ್ಲ. ಜನ ರೋಗಿಗಳನ್ನು ಬಚ್ಚಿಟ್ಟರು, ಹಾದಿ ತಪ್ಪಿಸಿ ಪ್ರಯಾಣ ಮಾಡಿದರು.

ನೂರು ವರ್ಷಗಳ ಅನಂತರ ಅದೇ ರೈಲು ನಿಲ್ದಾಣಗಳಲ್ಲಿ ಬೇರೆಯೇ ಕ್ರಮ ನಡೆಯಿತು. ಬಂದವರನ್ನು ತಡೆಯುವ ಬದಲು, ಪ್ಲಾಟ್‌ಫಾರ್ಮಿನ ಮೇಲೂ ಬಸ್ ನಿಲ್ದಾಣಗಳಲ್ಲಿಯೂ ಓಡುವ ರೈಲಿನ ಒಳಗೂ ಹನಿಯ ಪೆಟ್ಟಿಗೆ ಹಿಡಿದವರು ನಿಂತರು. ತಾಯಿಯ ಕಂಕುಳಲ್ಲಿದ್ದ ಮಗುವಿನ ಬಾಯಿಗೆ ಎರಡು ಹನಿ ಬಿಟ್ಟು, ಬೆರಳಿಗೆ ಮಸಿ ಹಚ್ಚಿ, ಹೋಗಿಬನ್ನಿ ಎಂದರು. ಕಟ್ಟಡ ಕಟ್ಟುವ ಜಾಗಗಳು, ಇಟ್ಟಿಗೆ ಭಟ್ಟಿಗಳು, ಅಲೆಮಾರಿಗಳ ಗುಡಾರಗಳು, ಹೀಗೆ ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದವರು ವಾಸಿಸುವ ಸ್ಥಳಗಳ ಪಟ್ಟಿಯನ್ನೇ ಮಾಡಿದರು. ಕಲಬುರ್ಗಿ, ರಾಯಚೂರು, ಬಿಜಾಪುರಗಳ ಕಡೆಯಿಂದ ಗಾರೆ ಕೆಲಸಕ್ಕೆ, ಮಣ್ಣು ಕೆಲಸಕ್ಕೆ ಮುಂಬಯಿ ಪುಣೆಗಳಿಗೆ ಬಂದು, ತಗಡಿನ ಜೋಪಡಿಗಳಲ್ಲಿ ಮಕ್ಕಳೊಡನೆ ಇರುವ ನಮ್ಮ ಕನ್ನಡ ಜನ ಎಷ್ಟಿಲ್ಲ! ಅಂಥ ಜಾಗಗಳ ಮಕ್ಕಳನ್ನು ಲೆಕ್ಕಕ್ಕೆ ಹಿಡಿದದ್ದು ಈ ಕಾರ್ಯಕ್ರಮದ ದೊಡ್ಡತನವೆಂದು ನಮಗೆ ತೋರುತ್ತದೆ.

ಕಾವಲು ತಪ್ಪಿದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡೇ ಸಾಕ್ಷಿ. 2002ರಲ್ಲಿ ಉತ್ತರ ಪ್ರದೇಶದಲ್ಲಿ ಪೋಲಿಯೋ ಮತ್ತೆ ಉಕ್ಕಿತು. ಅದರ ಕಿಡಿ ದಕ್ಷಿಣಕ್ಕೂ ಹಾರಿ, 2003ರಲ್ಲಿ ಕರ್ನಾಟಕದಲ್ಲಿ 36 ಮಕ್ಕಳಿಗೆ ರೋಗ ತಗುಲಿತು. ದೂರದ ಊರಿನ ಚರಂಡಿ ಸ್ವಚ್ಛವಾಗದೆ, ಅಲ್ಲಿಯ ಮಗುವಿಗೆ ಹನಿ ಬೀಳದೆ ನಮ್ಮ ಮಗುವಿಗೆ ಕ್ಷೇಮವಿರಲಿಲ್ಲ.

ಮುಂದಿನ ಹೋರಾಟ ವೈರಸ್ಸಿನ ತವರಿನಲ್ಲಿಯೇ ನಡೆಯಿತು. ಉತ್ತರ ಪ್ರದೇಶ ಮತ್ತು ಬಿಹಾರಗಳಲ್ಲಿ ರೋಗ ಬಿಡದೆ ಕಾಡುತ್ತಿದ್ದ 107 ಬ್ಲಾಕುಗಳನ್ನು 2009ರಲ್ಲಿ ಗುರುತಿಸಿ, ಅಲ್ಲಿ ಹನಿಯೊಡನೆ ಶೌಚ, ಶುದ್ಧ ನೀರು, ಭೇದಿಯ ಚಿಕಿತ್ಸೆಗಳ ಕಡೆಗೂ ಗಮನ ಕೊಟ್ಟರು. ಒಂದು ಮತ್ತು ಮೂರನೆಯ ಬಗೆಯ ವೈರಸ್ಸುಗಳೆರಡಕ್ಕೂ ಹೆಚ್ಚು ಬಲವಾಗಿ ಕೆಲಸ ಮಾಡುವ ಹೊಸ ಹನಿ 2010ರಲ್ಲಿ ಬಂತು. 2009ರಲ್ಲಿ ದೇಶದಲ್ಲಿ 741 ಮಕ್ಕಳಿಗೆ ಪೋಲಿಯೋ ಆಗಿತ್ತು. 2010ರಲ್ಲಿ ಅದು 42ಕ್ಕೆ ಇಳಿಯಿತು. ಮುಂಬಯಿಯ ಗಟಾರದಲ್ಲಿ ಕಾಡು ವೈರಸ್ಸು ಕೊನೆಯ ಸಲ ಸಿಕ್ಕಿದ್ದು 2010ರ ನವೆಂಬರಿನಲ್ಲಿ. ದೇಶದ ಕೊನೆಯ ರೋಗಿ ಬಂಗಾಲದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗು. ಆಕೆ ಬಿದ್ದದ್ದು 2011ರ ಜನವರಿ 13ರಂದು. 2014ರ ಮಾರ್ಚ್ 27ರಂದು ಭಾರತವೂ ಸೇರಿ ಆಗ್ನೇಯ ಏಷ್ಯಾ ವಲಯ ಪೋಲಿಯೋಮುಕ್ತವೆಂದು ಪ್ರಮಾಣಪತ್ರ ದೊರೆಯಿತು.

ರೋಗಿ ಇಲ್ಲವೆಂದ ಮಾತ್ರಕ್ಕೆ ಈ ಪತ್ರ ಸಿಗಲಿಲ್ಲ ಎಂಬುದನ್ನು ಗಮನಿಸಬೇಕು. ಮುಂಬಯಿಯ ಮೇಲ್ಪಂಕ್ತಿಯನ್ನು ಹಿಡಿದು ದಿಲ್ಲಿ, ಪಾಟ್ನಾ, ಕೋಲ್ಕತಾ ಮುಂತಾದ ನಗರಗಳಲ್ಲಿಯೂ ಗಟಾರದ ಕಾವಲು ಆರಂಭವಾಗಿತ್ತು. ಅಲ್ಲಿಯೂ ವೈರಸ್ಸು ಸಿಗದೆ ವರ್ಷಗಳು ಕಳೆದವೆಂಬ ಸಾಕ್ಷ್ಯ ಜೊತೆಗಿತ್ತು.

ಕಾವಲು ಮುಗಿದಿಲ್ಲ

ಅನಂತರವೂ ಗಟಾರ ಸುದ್ದಿ ಹೇಳುವುದನ್ನು ನಿಲ್ಲಿಸಿಲ್ಲ. 2013ರಲ್ಲಿ ಇಸ್ರೇಲಿನ ದಕ್ಷಿಣ ಭಾಗದ ಚರಂಡಿಗಳಲ್ಲಿ ಕಾಡು ಪೋಲಿಯೋ ಸಿಕ್ಕಿತು. ಒಂದು ಮಗುವೂ ಕುಂಟಾಗುವ ಮೊದಲು ಅಲ್ಲಿನ ಮಕ್ಕಳಿಗೆ ಬಾಯಿಹನಿ ಹಾಕಿ ಅದನ್ನು ಅಡಗಿಸಿದರು. ಬಾಯಿಹನಿಯ ಸಾಧು ವೈರಸ್ಸೇ ಲಸಿಕೆಯಿಲ್ಲದ ಮಕ್ಕಳ ನಡುವೆ ಬಹುಕಾಲ ಸುತ್ತಾಡಿದರೆ ಅಪರೂಪಕ್ಕೆ ಮತ್ತೆ ಕ್ರೂರವಾಗಬಲ್ಲದು. ಎರಡನೆಯ ಬಗೆಯ ಇಂಥ ಒಂದು ವೈರಸ್ಸು 2016ರಲ್ಲಿ ಹೈದರಾಬಾದಿನ ಚರಂಡಿಯ ನೀರಿನಲ್ಲಿ ಕಂಡುಬಂತು. ರೋಗಿ ಒಬ್ಬನೂ ಇರಲಿಲ್ಲ. ಆದರೂ ಆ ಜೂನ್ ತಿಂಗಳಲ್ಲಿಯೇ ಹೈದರಾಬಾದ್ ಮತ್ತು ರಂಗಾರೆಡ್ಡಿ ಜಿಲ್ಲೆಗಳಲ್ಲಿ ಸುಮಾರು ಮೂರು ಲಕ್ಷ ಮಕ್ಕಳಿಗೆ ಚುಚ್ಚುಮದ್ದು ಕೊಟ್ಟರು. 2022ರಲ್ಲಿ ಲಂಡನ್ನಿನ ಚರಂಡಿಯಲ್ಲಿಯೂ ಇಂಥದೇ ವೈರಸ್ಸು ಸಿಕ್ಕಿತು. ಪೋಲಿಯೋ ಬಡವರ ಬಸ್ತಿಗಳ ರೋಗವೆಂದುಕೊಂಡವರು ಅದನ್ನು ಓದಬೇಕು.

ಕೊರೋನಾ ಬಂದಾಗ ಈ ವಿದ್ಯೆ ಇನ್ನೊಂದು ಕೆಲಸಕ್ಕೆ ಒದಗಿತು. ಆ ವೈರಸ್ಸು ಉಸಿರಿನಿಂದ ಹರಡುವಂಥದಾದರೂ ಅದರ ಕುರುಹು ಮಲದಲ್ಲಿಯೂ ಬೀಳುತ್ತದೆ. 2022ರಲ್ಲಿ ಬೆಂಗಳೂರಿನ 28 ಕೊಳಚೆ ಶುದ್ಧೀಕರಣ ಸ್ಥಾವರಗಳ ನೀರನ್ನು ಪರೀಕ್ಷಿಸಿ ಸೋಂಕಿನ ಏರಿಳಿತವನ್ನು ವಿಜ್ಞಾನಿಗಳು ಓದಿದರು. ಯಾರನ್ನೂ ಸಾಲಿನಲ್ಲಿ ನಿಲ್ಲಿಸದೆ, ಯಾರ ಹೆಸರನ್ನೂ ಕೇಳದೆ ಇಡೀ ಬಡಾವಣೆಯ ಆರೋಗ್ಯವನ್ನು ತಿಳಿಯುವ ಉಪಾಯವಿದು. ಬಂಗಲೆಯವನ ನೀರೂ ಜೋಪಡಿಯವನ ನೀರೂ ಅಲ್ಲಿ ಒಂದೇ ಬಾಟಲಿಯಲ್ಲಿರುತ್ತದೆ.

ಇಷ್ಟಾದರೂ ದಿಲ್ಲಿಯ ಕಾಮಾಲೆಯ ಪಾಠವನ್ನು ನಾವು ಪೂರ್ತಿ ಕಲಿತಿಲ್ಲ. ಪೋಲಿಯೋ ಹೋಯಿತು, ಹೆಪಟೈಟಿಸ್ ‘ಇ’ ಇನ್ನೂ ನಮ್ಮ ಊರುಗಳಲ್ಲಿದೆ. ಅದಕ್ಕೆ ಚೀನಾದಲ್ಲಿ ಲಸಿಕೆ ಇದ್ದರೂ ನಮ್ಮ ಮಕ್ಕಳ ಲಸಿಕೆಯ ಪಟ್ಟಿಯಲ್ಲಿ ಅದಿಲ್ಲ. ತುಂಬು ತಿಂಗಳ ಬಸುರಿಯರಲ್ಲಿ ಅದು ತಗುಲಿದ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಮಂದಿಯನ್ನು ಕೊಲ್ಲಬಲ್ಲದು. ಅದರ ದಾರಿ ಹಳೆಯದೇ: ಒಡೆದ ನೀರಿನ ಕೊಳಾಯಿ, ಅದರ ಪಕ್ಕದಲ್ಲಿ ಸೋರುವ ಮೋರಿ. ನಮ್ಮ ಹಳೆಯ ಚಾಳೊಂದರಲ್ಲಿ ನೀರಿನ ಕೊಳಾಯಿ ಗಟಾರದೊಳಗಿಂದಲೇ ಹಾದುಬರುತ್ತಿತ್ತು. ನೀರು ಬಿಟ್ಟ ಮೊದಲ ಐದು ನಿಮಿಷ ಹಳದಿ ನೀರು ಬರುವುದೆಂದು ಎಲ್ಲರಿಗೂ ಗೊತ್ತಿತ್ತು. ಅದನ್ನು ಹರಿಯಬಿಟ್ಟು ಆಮೇಲಿನ ನೀರನ್ನು ಹಿಡಿಯುತ್ತಿದ್ದೆವು. ಒಂದು ಮಳೆಗಾಲ ಒಂದೇ ಮಹಡಿಯ ಏಳು ಜನ ಕಾಮಾಲೆಯಿಂದ ಮಲಗಿದ ಮೇಲೆಯೇ ಎಲ್ಲರೂ ಕೂಡಿ ಹಣ ಹಾಕಿ ಆ ಕೊಳಾಯಿಯನ್ನು ಮೇಲಕ್ಕೆ ಎತ್ತಿಸಿದ್ದು.

ಆದ್ದರಿಂದ ನಮ್ಮ ಓದುಗ ಬಂಧುಗಳಲ್ಲಿ ಒಂದೆರಡು ವಿನಂತಿ. ತಮ್ಮ ಕಟ್ಟಡದ ನೆಲದಡಿಯ ನೀರಿನ ತೊಟ್ಟಿಗೂ ಕೊಳಚೆಯ ಗುಂಡಿಗೂ ಎಷ್ಟು ಅಂತರವಿದೆಯೆಂದು ಸೊಸೈಟಿಯ ಮುಂದಿನ ಸಭೆಯಲ್ಲಿ ಕೇಳಿರಿ. ಮಳೆಗಾಲದಲ್ಲಿ ನೀರನ್ನು ಕುದಿಸಿ ಕುಡಿಯಿರಿ, ಮನೆಯಲ್ಲಿ ಬಸುರಿಯಿದ್ದರೆ ಇದನ್ನು ತಪ್ಪಿಸಲೇಬೇಡಿ. ಹತ್ತಿರದಲ್ಲಿ ಕಟ್ಟಡದ ಕೆಲಸ ನಡೆದಿದ್ದು ಅಲ್ಲಿ ನಮ್ಮ ಕಡೆಯ ಕುಟುಂಬಗಳಿದ್ದರೆ, ಅವರ ಮಕ್ಕಳಿಗೆ ಲಸಿಕೆ ಆಗಿದೆಯೇ ಎಂದು ಕನ್ನಡದಲ್ಲಿ ಎರಡು ಮಾತು ಕೇಳಿರಿ. ಪರವೂರಿನಲ್ಲಿ ದವಾಖಾನೆಯ ದಾರಿ ತೋರಿಸಲು ತಮ್ಮ ನುಡಿಯವರೊಬ್ಬರು ಸಿಕ್ಕರೆ ಎಷ್ಟು ಸಮಾಧಾನವೆಂಬುದು ನಮಗೆಲ್ಲ ಗೊತ್ತೇ ಇದೆ. ಇನ್ನು, ಮಂಜುಗಡ್ಡೆಯ ಪೆಟ್ಟಿಗೆ ಹೊತ್ತ ಹೆಣ್ಣುಮಕ್ಕಳು ಮತ್ತೆ ಬಾಗಿಲು ತಟ್ಟಿದರೆ ಅವರನ್ನು ಒಳಗೆ ಕರೆದು, ಕುಡಿಯಲು ನೀರು ಕೊಟ್ಟು, ಮಗುವನ್ನು ಮುಂದಕ್ಕೆ ಕರೆತನ್ನಿ.